ಮೊದಲ ಹೆಜ್ಜೆ ನಡೆಯುವವರದು: ಕೋಲಾರ ಸೀಮೆಯ ರಸ್ತೆಗಳು ಮತ್ತು ಪಾದಚಾರಿಯ ಹಕ್ಕು



ಕರಾವಳಿಯ ನಮ್ಮ ಜಾಲತಾಣದಲ್ಲಿ ಕೋಲಾರದ ರಸ್ತೆಗಳ ಬಗ್ಗೆ ಯಾಕೆ ಬರೆಯುತ್ತಿದ್ದೇವೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಸರಳ. ಬಂಟ್ವಾಳದ ಕಡೆಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರುಗಳನ್ನು ದಾಟಿ, ಕೋಲಾರ ಮತ್ತು ಮುಳಬಾಗಿಲಿನ ಮೂಲಕ ವೆಲ್ಲೂರಿಗೆ ಹೋಗುತ್ತದೆ. ಹೊನ್ನಾವರದಿಂದ ಹೊರಡುವ ಹೆದ್ದಾರಿ 69 ಶಿವಮೊಗ್ಗ, ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಬಂದು ಅದೇ ಮುಳಬಾಗಿಲನ್ನು ಮುಟ್ಟಿ ಚಿತ್ತೂರಿನ ಕಡೆಗೆ ಸಾಗುತ್ತದೆ. ನಮ್ಮ ಮನೆಯ ಮುಂದಿನ ರಸ್ತೆಯೇ ಅವರ ಮನೆಯ ಮುಂದಿನ ರಸ್ತೆ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ರೋಗಿಗಳನ್ನು ಕರೆದುಕೊಂಡು ಹೋಗುವ ನಮ್ಮ ಕುಟುಂಬಗಳು ಕೋಲಾರ, ಮುಳಬಾಗಿಲುಗಳನ್ನು ರಾತ್ರಿ ಹೊತ್ತು ವೇಗವಾಗಿ ದಾಟುತ್ತವೆ. ಕೋಲಾರ ಜಿಲ್ಲೆ ಸೇರಿರುವ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಕರಾವಳಿಯ ಧರ್ಮಗುರುಗಳು, ಧರ್ಮಭಗಿನಿಯರು ಸೇವೆ ಸಲ್ಲಿಸುತ್ತಿದ್ದಾರೆ. ವಾಹನದೊಳಗೆ ಕುಳಿತವರಿಗೆ ಆ ಊರುಗಳು ಒಂದು ಫಲಕ, ಒಂದು ಟೋಲ್ ಗೇಟು, ಒಂದು ಚಹಾದ ಅಂಗಡಿ. ಅಲ್ಲಿ ನಡೆಯುವವರಿಗೆ ಅದು ದಿನವೂ ಎರಡು ಸಲ ದಾಟಬೇಕಾದ ರಸ್ತೆ.

ಪಾದಚಾರಿಗೆ ದಾರಿ ಬಿಡುವುದು ನಾವು ತೋರಿಸುವ ಔದಾರ್ಯ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಅದು ಔದಾರ್ಯವಲ್ಲ, ಕಾನೂನಿನ ಪ್ರಕಾರ ಚಾಲಕನ ಕರ್ತವ್ಯ. ನಮ್ಮ ವಿಶ್ವಾಸದ ಪ್ರಕಾರ ಅದು ಐದನೆಯ ಆಜ್ಞೆಗೆ ಸೇರಿದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಾಲ್ಕು ಊರು, ಒಂದೇ ತೊಂದರೆ

ಮೊದಲು ಕೋಲಾರ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಈ ಜಿಲ್ಲಾ ಕೇಂದ್ರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಸುಗ್ಗಿಯ ತಿಂಗಳುಗಳಲ್ಲಿ ಲಾರಿ, ಟೆಂಪೋ, ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡಾಡುತ್ತವೆ. ಹಮಾಲಿಗಳು, ಕೂಲಿ ಹೆಂಗಸರು ಅವುಗಳ ನಡುವೆಯೇ ನಡೆಯುತ್ತಾರೆ. ಊರ ಹೊರಗಿನ ಟಮಕದಲ್ಲಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಹೆದ್ದಾರಿಯ ಬದಿಯಲ್ಲೇ ಇವೆ. ಬೆಂಗಳೂರಿನ ದಿಕ್ಕಿನಲ್ಲಿ ನರಸಾಪುರದ ಕೈಗಾರಿಕಾ ಪ್ರದೇಶವಿದೆ. ಪಾಳಿ ಮುಗಿಯುವ ಹೊತ್ತಿಗೆ ಸಾವಿರಾರು ಯುವಕ ಯುವತಿಯರು ಬಸ್ಸಿಗಾಗಿ ಹೆದ್ದಾರಿಯ ಅಂಚಿಗೆ ಬರುತ್ತಾರೆ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಪೂರ್ವದ ಹೆಬ್ಬಾಗಿಲು. ಆ ಬಾಗಿಲಿನ ಮೂಲಕ ಹಿಂದಿನಿಂದಲೂ ಯಾತ್ರಿಕರು ನಡೆದು ಹೋಗಿದ್ದಾರೆ. ಇಂದಿಗೂ ಬೆಂಗಳೂರು, ಕೋಲಾರಗಳ ಕಡೆಯಿಂದ ತಿರುಪತಿಗೆ ಪಾದಯಾತ್ರೆ ಹೋಗುವವರು ಇದೇ ರಸ್ತೆಯ ಅಂಚು ಹಿಡಿಯುತ್ತಾರೆ. ಬಿಸಿಲು ತಪ್ಪಿಸಲು ಹಲವರು ರಾತ್ರಿ ನಡೆಯುತ್ತಾರೆ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಅವರು ಕಾಣಿಸುವುದು ಕೊನೆಯ ಕ್ಷಣದಲ್ಲಿ.

ಶ್ರೀನಿವಾಸಪುರ ಮಾವಿನ ಊರು. ಮೇ ತಿಂಗಳಿನಿಂದ ಜುಲೈವರೆಗೆ ಮಾವಿನ ಲಾರಿಗಳು ಊರೊಳಗಿನ ಇಕ್ಕಟ್ಟಾದ ರಸ್ತೆಯನ್ನೇ ನಂಬಿರುತ್ತವೆ. ಶಾಲೆಗಳು ಪುನರಾರಂಭವಾಗುವುದೂ ಅದೇ ಸಮಯದಲ್ಲಿ.

ಮಾಲೂರು ಕರಾವಳಿಯವರಿಗೆ ಪರಿಚಿತವಾದ ಒಂದು ಉದ್ಯೋಗದ ಊರು. ನಮ್ಮಲ್ಲಿ ಮಂಗಳೂರು ಹೆಂಚು ಇದ್ದಂತೆ ಅಲ್ಲಿ ಹೆಂಚು ಮತ್ತು ಇಟ್ಟಿಗೆಯ ಕಾರ್ಖಾನೆಗಳು ಹೆಸರು ಮಾಡಿದವು. ಈಗ ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ಇದರ ಜೊತೆಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು ತಾಲ್ಲೂಕಿನ ಮೂಲಕ ಹಾದುಹೋಗಿದೆ. ಅದರ ಕರ್ನಾಟಕದ ಭಾಗ 2024ರ ಕೊನೆಯ ಹೊತ್ತಿಗೆ ವಾಹನಗಳಿಗೆ ತೆರೆದುಕೊಂಡಿತು. ಅಂಥ ರಸ್ತೆಯ ಮೇಲೆ ಪಾದಚಾರಿ ಕಾಲಿಡುವಂತೆಯೇ ಇಲ್ಲ. ಆದರೆ ಹೊಲ ಈ ಬದಿಗೆ, ಮನೆ ಆ ಬದಿಗೆ ಇರುವ ರೈತನಿಗೆ ಅಂಡರ್‌ಪಾಸ್ ಒಂದು ಕಿಲೋಮೀಟರ್ ಆಚೆ ಇದ್ದರೆ ಅವನು ಏನು ಮಾಡಬೇಕು?

ನಾಲ್ಕೂ ಊರುಗಳ ಪರಿಸ್ಥಿತಿ ಬೇರೆ ಬೇರೆ, ತೊಂದರೆ ಮಾತ್ರ ಒಂದೇ. ರಸ್ತೆಯನ್ನು ದೂರದ ಊರುಗಳಿಗೆ ವೇಗವಾಗಿ ಹೋಗುವವರನ್ನು ಮನಸ್ಸಿನಲ್ಲಿಟ್ಟು ಅಗಲ ಮಾಡಲಾಯಿತು. ಆ ರಸ್ತೆಯನ್ನು ದಾಟಬೇಕಾದವರ ಲೆಕ್ಕ ಆಮೇಲೆ ಬಂತು, ಕೆಲವು ಕಡೆ ಬರಲೇ ಇಲ್ಲ. ಸುರತ್ಕಲ್, ಬಿ.ಸಿ.ರೋಡ್, ಉಡುಪಿ, ಕುಂದಾಪುರಗಳ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಕಿ ಅಂಶ ಏನು ಹೇಳುತ್ತದೆ?

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2023ರಲ್ಲಿ ಭಾರತದ ರಸ್ತೆಗಳಲ್ಲಿ 1,72,890 ಮಂದಿ ಸತ್ತರು. ಅವರಲ್ಲಿ 35,221 ಮಂದಿ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಒಬ್ಬರು ಯಾವ ವಾಹನದಲ್ಲೂ ಇರಲಿಲ್ಲ. ದಿನಕ್ಕೆ ಸರಾಸರಿ 96 ಜನ. ಒಂದು ಸಣ್ಣ ಧರ್ಮಕೇಂದ್ರದ ಭಾನುವಾರದ ಪೂಜೆಗೆ ಬರುವಷ್ಟು ಜನ, ಪ್ರತಿದಿನ.

ಇವರು ಯಾರು ಎಂದು ಯೋಚಿಸಬೇಕು. ಕಾರು ಇರುವವರು ಹೆಚ್ಚು ನಡೆಯುವುದಿಲ್ಲ. ನಡೆಯುವವರು ಶಾಲಾ ಮಕ್ಕಳು, ಮುದುಕರು, ಬಸ್ಸಿನಿಂದ ಇಳಿದ ಕೂಲಿಯವರು, ಹಾಲು ಹಾಕಿ ಬರುವ ಹೆಂಗಸರು, ತರಕಾರಿ ಮಾರುವವರು. ರಸ್ತೆಯಲ್ಲಿ ಯಾರ ಜೀವಕ್ಕೆ ಎಷ್ಟು ಬೆಲೆ ಎಂಬುದು ಹೀಗೆ ಬಡತನದ ಪ್ರಶ್ನೆಯೂ ಆಗುತ್ತದೆ.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಅನೇಕರು ವಾಹನ ಪರವಾನಗಿ ಪಡೆದ ಮೇಲೆ ನಿಯಮಗಳನ್ನು ಮತ್ತೆ ಓದಿಲ್ಲ. 1989ರ ರಸ್ತೆ ನಿಯಮಗಳ ಬದಲಿಗೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಬಂಧನೆಗಳು ಬಂದವು. ಪಾದಚಾರಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಇವು.

1. ಸಿಗ್ನಲ್ ಅಥವಾ ಪೊಲೀಸ್ ಇಲ್ಲದ ಜೀಬ್ರಾ ಪಟ್ಟಿಯನ್ನು ಸಮೀಪಿಸುವಾಗ ಚಾಲಕನು ವೇಗ ತಗ್ಗಿಸಬೇಕು, ನಿಲ್ಲಿಸಬೇಕು, ದಾಟುವವರಿಗೆ ದಾರಿ ಬಿಡಬೇಕು. ಹಾರ್ನ್ ಹಾಕಿ ಅವರನ್ನು ಹಿಂದಕ್ಕೆ ಸರಿಸುವ ಅಧಿಕಾರ ಚಾಲಕನಿಗಿಲ್ಲ.

2. ಮುಂದೆ ವಾಹನಗಳು ನಿಂತಿದ್ದರೆ ಜೀಬ್ರಾ ಪಟ್ಟಿಯ ಮೇಲೆ ತನ್ನ ವಾಹನವನ್ನು ತಂದು ನಿಲ್ಲಿಸಬಾರದು.

3. ಕಾಲುದಾರಿಯ ಮೇಲೆ ವಾಹನ ಓಡಿಸಬಾರದು. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಿದಾಗ ಮಾತ್ರ ಇದಕ್ಕೆ ವಿನಾಯಿತಿ. ಟ್ರಾಫಿಕ್ ಜಾಮ್ ಇದೆ ಎಂದು ಸ್ಕೂಟರನ್ನು ಫುಟ್‌ಪಾತಿಗೆ ಹತ್ತಿಸುವುದು ಅಪರಾಧ.

4. ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಬಗ್ಗೆ ಚಾಲಕನು ವಿಶೇಷ ಎಚ್ಚರ ವಹಿಸಬೇಕು.

ಈ ನಿಬಂಧನೆಗಳನ್ನು ಮೀರಿದರೆ 500 ರೂಪಾಯಿಯಿಂದ 1,000 ರೂಪಾಯಿವರೆಗೆ ದಂಡವಿದೆ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಪ್ರಕಾರ 5 ವರ್ಷಗಳವರೆಗೆ ಸೆರೆವಾಸವಾಗಬಹುದು.

ತಂದೆ ತಾಯಂದಿರು ಗಮನಿಸಬೇಕಾದ ಒಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀ ಕೊಟ್ಟು, ಅವನಿಂದ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷದವರೆಗೆ ಪರವಾನಗಿಯೂ ಸಿಗುವುದಿಲ್ಲ. 'ಪಕ್ಕದ ಅಂಗಡಿಗೆ ತಾನೇ' ಎನ್ನುವ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಹಾಗಾದರೆ ಪಾದಚಾರಿ ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ದಾಟಬಹುದೇ? ಇಲ್ಲ. ಸಿಗ್ನಲ್ ಇರುವಲ್ಲಿ ಅವರೂ ಸಿಗ್ನಲಿಗೆ ಕಾಯಬೇಕು. ಸೇತುವೆ, ಅಂಡರ್‌ಪಾಸ್ ಇರುವಲ್ಲಿ ಅದನ್ನು ಬಳಸಬೇಕು. ಆದರೆ ಪಾದಚಾರಿಯ ತಪ್ಪಿನಿಂದ ಚಾಲಕನ ಎಚ್ಚರದ ಹೊಣೆ ರದ್ದಾಗುವುದಿಲ್ಲ. ಒಬ್ಬರ ತಪ್ಪಿಗೆ ತೆರಬೇಕಾದ ಬೆಲೆ ಗಾಯವಾದರೆ, ಇನ್ನೊಬ್ಬರ ತಪ್ಪಿಗೆ ತೆರಬೇಕಾದ ಬೆಲೆ ಬಂಪರಿನ ಗೀರು. ಆದ್ದರಿಂದಲೇ ಕಾನೂನು ಬಲವಾದವನ ಮೇಲೆ ಹೆಚ್ಚಿನ ಹೊಣೆ ಹೊರಿಸುತ್ತದೆ.

ಫುಟ್‌ಪಾತ್ ಯಾರದು?

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯವಾದ ಮಾತು ಹೇಳಿತು. ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ, ಅಂದರೆ ಜೀವಿಸುವ ಹಕ್ಕಿನ, ಭಾಗ. ಅಂಗವಿಕಲರಿಗೂ ಬಳಸಲು ಸಾಧ್ಯವಾಗುವಂತೆ ಫುಟ್‌ಪಾತ್ ಇರಬೇಕೆಂದು ನ್ಯಾಯಾಲಯ ಒತ್ತಿ ಹೇಳಿತು. ಅದೇ ವರ್ಷ ಅಕ್ಟೋಬರ್ 7ರಂದು ಇನ್ನೊಂದು ಆದೇಶದಲ್ಲಿ, ಪಾದಚಾರಿಗಳ ಸಂಚಾರ ಮತ್ತು ರಸ್ತೆ ವಿನ್ಯಾಸದ ಬಗ್ಗೆ ಮೋಟಾರು ವಾಹನ ಕಾಯ್ದೆಯ 138(1ಎ) ಮತ್ತು 210ಡಿ ಕಲಮುಗಳಡಿ 6 ತಿಂಗಳೊಳಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಅಗಲ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರು ಹಾದುಹೋಗಲು ಅಷ್ಟು ಜಾಗ ಬೇಕು. ನಮ್ಮ ಊರಿನ ಫುಟ್‌ಪಾತನ್ನು ಒಮ್ಮೆ ಟೇಪು ಹಿಡಿದು ಅಳೆದು ನೋಡಿ. ಕೆಲವು ಕಡೆ ಅಂಚುಕಲ್ಲು ಮೊಣಕಾಲಿಗೆ ಬರುತ್ತದೆ. ಹತ್ತಲಾಗದ ಅಜ್ಜಿ ಕೆಳಗೆ ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ ನಾವು 'ಫುಟ್‌ಪಾತ್ ಇದ್ದರೂ ಜನ ರಸ್ತೆಯಲ್ಲೇ ನಡೆಯುತ್ತಾರೆ' ಎಂದು ದೂರುತ್ತೇವೆ.

ಫುಟ್‌ಪಾತ್ ಎಂದ ಕೂಡಲೇ ಬೀದಿ ವ್ಯಾಪಾರಿಗಳನ್ನು ಓಡಿಸಬೇಕು ಎನ್ನುವವರಿದ್ದಾರೆ. ಇಲ್ಲಿ ನ್ಯಾಯವನ್ನು ತೂಗಿ ನೋಡಬೇಕು. ಕೋಲಾರದಲ್ಲಿ ಸೊಪ್ಪು ಮಾರುವ ಹೆಂಗಸಿಗೂ, ಶ್ರೀನಿವಾಸಪುರದಲ್ಲಿ ಮಾವಿನ ಬುಟ್ಟಿ ಇಟ್ಟವನಿಗೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ರಕ್ಷಣೆ ಕೊಟ್ಟಿದೆ. ಅವರಿಗೆ ಜಾಗ ಗುರುತಿಸಿ ಕೊಡುವುದು ಪಟ್ಟಣದ ಆಡಳಿತದ ಕೆಲಸ. ಅವರ ಬುಟ್ಟಿಯ ಪಕ್ಕದಿಂದ ಒಬ್ಬರು ಹೇಗೋ ನಡೆದು ಹೋಗಬಹುದು. ಫುಟ್‌ಪಾತಿನ ಮೇಲೆ ಅಡ್ಡ ನಿಲ್ಲಿಸಿದ ಕಾರನ್ನು ದಾಟಲು ರಸ್ತೆಗೇ ಇಳಿಯಬೇಕು. ಆ ಕಾರುಗಳಲ್ಲಿ ಎಷ್ಟು ನಮ್ಮವು ಎಂದು ಭಾನುವಾರ ಬೆಳಿಗ್ಗೆ ಚರ್ಚಿನ ಗೇಟಿನ ಹೊರಗೆ ನಿಂತು ಎಣಿಸಬಹುದು.

ಹೆದ್ದಾರಿ ದಾಟುವ ಲೆಕ್ಕ

ನರಸಾಪುರದಲ್ಲಿ ಅಥವಾ ಮುಳಬಾಗಿಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಬಸ್ಸಿನಿಂದ ಇಳಿದ ವೃದ್ಧೆಯೊಬ್ಬರು ಹೆದ್ದಾರಿ ದಾಟಬೇಕು ಎಂದುಕೊಳ್ಳಿ. ಡಿವೈಡರಿನವರೆಗೆ ಸುಮಾರು 7 ಮೀಟರ್. ವಯಸ್ಸಾದವರು ಸೆಕೆಂಡಿಗೆ 80 ಸೆಂಟಿಮೀಟರಿನಂತೆ ನಡೆದರೆ ಇದಕ್ಕೆ ಸುಮಾರು 9 ಸೆಕೆಂಡು ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಆ 9 ಸೆಕೆಂಡಿನಲ್ಲಿ 200 ಮೀಟರ್ ಬರುತ್ತದೆ. ಇನ್ನೂರು ಮೀಟರ್ ಆಚೆಯ ಕಾರು ಕಣ್ಣಿಗೆ ದೂರವೇ ಕಾಣಿಸುತ್ತದೆ, ರಾತ್ರಿಯಾದರೆ ಎರಡು ದೀಪ ಮಾತ್ರ. 'ಬರಲಿಕ್ಕೆ ಇನ್ನೂ ಹೊತ್ತಿದೆ' ಎಂದು ಆಕೆ ಹೆಜ್ಜೆ ಇಡುತ್ತಾರೆ.

ಈಗ ಚಾಲಕನ ಕಡೆಯಿಂದ ನೋಡೋಣ. ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿರುವ ಕಾರು ನಿಲ್ಲಲು ಸರಿಸುಮಾರು ಇಷ್ಟು ದೂರ ಬೇಕು: 30 ಕಿಲೋಮೀಟರ್ ವೇಗದಲ್ಲಿ 13 ಮೀಟರ್, 50ರಲ್ಲಿ 28 ಮೀಟರ್, 80ರಲ್ಲಿ 57 ಮೀಟರ್, 100ರಲ್ಲಿ 83 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಮಳೆಯಲ್ಲಿ, ಸವೆದ ಟಯರಿನಲ್ಲಿ, ತುಂಬಿದ ಲಾರಿಯಲ್ಲಿ ಇನ್ನೂ ಹೆಚ್ಚು. ಫೋನಿನಲ್ಲಿ ಮಾತನಾಡುತ್ತಿರುವವನಿಗೆ ಮೊದಲ ಒಂದು ಸೆಕೆಂಡು ಎರಡಾಗುತ್ತದೆ.

ಡಿಕ್ಕಿಯ ಪರಿಣಾಮವನ್ನೂ ವೇಗವೇ ನಿರ್ಧರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾರಿನ ವೇಗ 50ರಿಂದ 65 ಕಿಲೋಮೀಟರಿಗೆ ಏರಿದರೆ ಅದರ ಮುಂಭಾಗಕ್ಕೆ ಸಿಕ್ಕಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ಊರೊಳಗೆ ಆ 15 ಕಿಲೋಮೀಟರ್ ಕಡಿಮೆ ಮಾಡಿದರೆ ನಮಗೆ ಒಂದೆರಡು ನಿಮಿಷ ತಡವಾಗಬಹುದು. ಅಷ್ಟೇ ನಮ್ಮ ನಷ್ಟ.

ಪಾದಚಾರಿಗಳಿಗೆ ಒಂದು ಕಿವಿಮಾತು. ಶಾಲೆಯಲ್ಲಿ ನಮಗೆಲ್ಲ 'ರಸ್ತೆಯ ಎಡಬದಿಯಲ್ಲಿ ನಡೆ' ಎಂದು ಕಲಿಸಿದ್ದರು. ಎಡಬದಿ ವಾಹನಗಳಿಗೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಯ ಅಂಚಿನಲ್ಲಿ, ಎದುರಿನಿಂದ ಬರುವ ವಾಹನಗಳನ್ನು ನೋಡುತ್ತಾ ನಡೆಯುವುದು ಹೆಚ್ಚು ಸುರಕ್ಷಿತ. ಅಪಾಯ ಕಣ್ಣಿಗೆ ಕಂಡರೆ ಪಕ್ಕಕ್ಕೆ ಸರಿಯಲಾದರೂ ಸಾಧ್ಯ. ಮುಸ್ಸಂಜೆಯ ನಂತರ ಬಿಳಿ ಅಥವಾ ತಿಳಿಬಣ್ಣದ ಬಟ್ಟೆ, ಕೈಯಲ್ಲಿ ಟಾರ್ಚ್ ಇರಲಿ. ನಿಂತ ಬಸ್ಸಿನ ಮುಂದಿನಿಂದ ದಾಟಬೇಡಿ. ಬಸ್ಸು ಹೋದ ಮೇಲೆ ದಾಟಿ. ಕಿವಿಯ ಇಯರ್‌ಫೋನ್ ತೆಗೆಯಿರಿ.

ಆದರೆ ಎಲ್ಲ ಎಚ್ಚರಿಕೆಯನ್ನೂ ಪಾದಚಾರಿಗೇ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಿಗದಿತ ಗುಣಮಟ್ಟದಂತೆ ರಸ್ತೆ ಕಟ್ಟದೆ, ನಿರ್ವಹಿಸದೆ ಸಾವು ನೋವು ಸಂಭವಿಸಿದರೆ ಗುತ್ತಿಗೆದಾರರು ಮತ್ತು ಹೊಣೆ ಹೊತ್ತ ಪ್ರಾಧಿಕಾರಕ್ಕೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರ ತಿದ್ದುಪಡಿಯ 198ಎ ಕಲಮು ಅವಕಾಶ ಮಾಡಿದೆ. ದೀಪವಿಲ್ಲದ ಬಸ್ ನಿಲ್ದಾಣ, ಮಾಸಿದ ಜೀಬ್ರಾ ಪಟ್ಟಿ, ನೀರು ನಿಂತ ಅಂಡರ್‌ಪಾಸ್ ಇವೆಲ್ಲ ಯಾರದೋ ಕರ್ತವ್ಯಲೋಪ. ಹಣೆಬರಹ ಎಂದು ಸುಮ್ಮನಿರಬೇಕಾಗಿಲ್ಲ.

ಅಪಘಾತವಾದರೆ ಏನು ಮಾಡಬೇಕು?

ಈ ಭಾಗವನ್ನು ವಿಶೇಷವಾಗಿ ಗುರಿಕಾರರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಮತ್ತು ಸಮಾಜ ಸೇವೆಯಲ್ಲಿರುವವರು ಓದಿ ಇತರರಿಗೆ ತಿಳಿಸಬೇಕೆಂದು ವಿನಂತಿ. ಬಡ ಕುಟುಂಬಗಳಿಗೆ ಈ ಮಾಹಿತಿ ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ.

ಮೊದಲನೆಯದಾಗಿ, ಗಾಯಗೊಂಡವರನ್ನು ಮುಟ್ಟಲು ಹೆದರಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಯೂ ಇದೆ. ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಸತಾಯಿಸುವಂತಿಲ್ಲ, ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ, ಆಸ್ಪತ್ರೆಯವರು ಅವರಿಂದ ಹಣ ಕೇಳುವಂತಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಈ ರಕ್ಷಣೆಯನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಅದು 134ಎ ಕಲಮಾಗಿ ಕೇಂದ್ರ ಕಾಯ್ದೆಯನ್ನೇ ಸೇರಿತು. ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ ಎಂಬುದು ನಮಗೆ ಹೆಮ್ಮೆಯ ವಿಷಯ. ಆ ಕಾಯ್ದೆಗೆ ಇಟ್ಟ ಹೆಸರಿನಲ್ಲೇ ಸುವಾರ್ತೆಯ ಸದಯ ಸಮಾರಿಯನಿದ್ದಾನೆ.

ಎರಡನೆಯದಾಗಿ, ಚಾಲಕನು ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕೆಂದು 134ನೆಯ ಕಲಮು ಹೇಳುತ್ತದೆ. ಜನರ ಗುಂಪು ಹೊಡೆಯಲು ಬಂದಾಗ ಅವನಿಗೆ ವಿನಾಯಿತಿ ಇದೆ. ಎಂದರೆ ನಾವು ಚಾಲಕನನ್ನು ಹೊಡೆಯಲು ಹೋದಷ್ಟೂ ಗಾಯಾಳುವಿಗೆ ಸಹಾಯ ದೂರವಾಗುತ್ತದೆ. ವಾಹನದ ಸಂಖ್ಯೆ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಕೈ ಎತ್ತಬೇಡಿ.

ಮೂರನೆಯದಾಗಿ, ಚಿಕಿತ್ಸೆಯ ಖರ್ಚು. ಕೇಂದ್ರ ಸರ್ಕಾರ 2025ರ ಮೇ 5ರಂದು ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ ಗುರುತಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಪಾದಚಾರಿಗಳೂ ಇದಕ್ಕೆ ಅರ್ಹರು.

ನಾಲ್ಕನೆಯದಾಗಿ, ಪರಿಹಾರ. ಗುದ್ದಿದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುವ ಯೋಜನೆ ಇದೆ. ಇದಕ್ಕೆ ಮೊದಲು ಅದು 25,000 ಮತ್ತು 12,500 ಇತ್ತು. ಅರ್ಜಿಯನ್ನು ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಗಳ ಮೂಲಕ ಸಲ್ಲಿಸಬೇಕು. ವಾಹನ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ಕುಟುಂಬ ವಾಸಿಸುವ ಕಡೆಯೂ ಹಾಕಬಹುದು. ಮುಳಬಾಗಿಲಿನಲ್ಲಿ ಪ್ರಾಣ ಕಳೆದುಕೊಂಡ ಕರಾವಳಿಯವರ ಕುಟುಂಬ ಪ್ರತಿ ಸಲ ಅಲ್ಲಿಗೇ ಅಲೆಯಬೇಕಾಗಿಲ್ಲ. 6 ತಿಂಗಳೊಳಗೆ ಅರ್ಜಿ ಹಾಕಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುವುದರಿಂದ ತಿಥಿ, ಮಾಸಿಕ ಎಂದು ದಿನ ದೂಡಬೇಡಿ.

'ತಪ್ಪು ನಮ್ಮವರದೇ, ಅಡ್ಡ ಬಂದರಂತೆ' ಎಂದು ಎಷ್ಟೋ ಕುಟುಂಬಗಳು ಅರ್ಜಿಯನ್ನೇ ಹಾಕುವುದಿಲ್ಲ. ಪಾದಚಾರಿಯದೂ ಸ್ವಲ್ಪ ತಪ್ಪಿದ್ದರೆ ಪರಿಹಾರದ ಮೊತ್ತ ಕಡಿಮೆಯಾಗಬಹುದು, ಅಷ್ಟಕ್ಕೇ ಅದು ಇಲ್ಲವಾಗುವುದಿಲ್ಲ. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಲು 164ನೆಯ ಕಲಮಿನಲ್ಲಿ ಬೇರೊಂದು ದಾರಿಯೂ ಇದೆ. ಯಾವ ದಾರಿ ಹಿಡಿಯಬೇಕು ಎಂಬುದನ್ನು ವಕೀಲರಲ್ಲಿ ಕೇಳಿ ತೀರ್ಮಾನಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ಬಂದು ಖಾಲಿ ಕಾಗದಕ್ಕೆ ಸಹಿ ಕೇಳುವವರಿಗೆ ಸಹಿ ಹಾಕಬೇಡಿ.

ಧರ್ಮಸಭೆಯ ಬೋಧನೆ

ರಸ್ತೆ ನಿಯಮವನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳುವವರು ಕಡಿಮೆ. ಆದರೆ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2290ನೆಯ ಪರಿಚ್ಛೇದದಲ್ಲಿ ಇದನ್ನು ಐದನೆಯ ಆಜ್ಞೆಯ ವಿವರಣೆಯೊಳಗೇ ಸೇರಿಸಿದೆ. ಕುಡಿದು ಅಥವಾ ವೇಗದ ಮೋಹದಿಂದ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೆ ಒಡ್ಡುವವನು ಗಂಭೀರ ಅಪರಾಧಿ ಎಂಬುದು ಅದರ ಬೋಧನೆ. ಅಪಘಾತ ಆಗಲೇಬೇಕೆಂದಿಲ್ಲ, ಅಪಾಯಕ್ಕೆ ಒಡ್ಡಿದರೇ ಸಾಕು.

2007ರ ಜೂನ್ ತಿಂಗಳಲ್ಲಿ ವ್ಯಾಟಿಕನ್ ರಸ್ತೆಯ ಪಾಲನಾ ಸೇವೆಯ ಬಗ್ಗೆ ಒಂದು ಮಾರ್ಗದರ್ಶಿಯನ್ನು ಹೊರಡಿಸಿ, ಅದರಲ್ಲಿ ಚಾಲಕರಿಗೆ ಹತ್ತು ಆಜ್ಞೆಗಳನ್ನು ಕೊಟ್ಟಿತು. ಪತ್ರಿಕೆಗಳು ಆಗ ಅದನ್ನು ತಮಾಷೆಯ ಸುದ್ದಿಯಂತೆ ಬರೆದದ್ದುಂಟು. ಅದರ ಮೊದಲ ಆಜ್ಞೆ 'ಕೊಲ್ಲಬೇಡ'. ದುರ್ಬಲರಾದ ರಸ್ತೆ ಬಳಕೆದಾರರನ್ನು ಕಾಪಾಡಬೇಕೆಂಬುದೂ ಹತ್ತರಲ್ಲಿ ಒಂದು.

ಸದಯ ಸಮಾರಿಯನ ಸಾಮತಿಯೂ ರಸ್ತೆಯ ಕಥೆಯೇ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡು ಆಚೆ ಬದಿಗೆ ಸರಿದು ಹೋದವರು ಯಾಜಕ ಮತ್ತು ಲೇವಿಯ. ಅವರಿಗೂ ದೇವಾಲಯದ ಕೆಲಸದ ಅವಸರ ಇದ್ದಿರಬಹುದು. ಒಂದು ಪೂಜೆ ಮುಗಿಸಿ ಇನ್ನೊಂದು ಉಪಕೇಂದ್ರದ ಪೂಜೆಗೆ ಓಡುವ ನಮ್ಮಂಥ ಗುರುಗಳಿಗೆ ಈ ಸಾಮತಿ ಸ್ವಲ್ಪ ಚುಚ್ಚಬೇಕು. ದೇವರ ಕೆಲಸಕ್ಕೆ ತಡವಾಯಿತು ಎಂದು ಹಾರ್ನ್ ಹಾಕಿ ರಸ್ತೆ ದಾಟುವ ಮಗುವನ್ನು ಹಿಂದಕ್ಕೆ ಓಡಿಸಿದರೆ, ಪೀಠದ ಮುಂದೆ ನಿಂತು ನಾವು ಏನು ಬೋಧಿಸುವುದು?

ಧರ್ಮಕೇಂದ್ರಗಳು ಏನು ಮಾಡಬಹುದು?

1. ಚರ್ಚ್, ಶಾಲೆ, ಕಾನ್ವೆಂಟುಗಳ ಗೇಟು ತೆರೆಯುವ ರಸ್ತೆಯನ್ನು ಪಾಲನಾ ಪರಿಷತ್ತಿನ ಸದಸ್ಯರು ಒಂದು ದಿನ ನಡೆದು ನೋಡಲಿ. ಜೀಬ್ರಾ ಪಟ್ಟಿ, ಉಬ್ಬು, ಬೀದಿದೀಪ, ಶಾಲಾ ವಲಯದ ಫಲಕ ಇವೆಯೇ? ಇಲ್ಲದ್ದನ್ನು ಫೋಟೋ ಸಹಿತ ನಗರಸಭೆ ಅಥವಾ ಪುರಸಭೆಗೆ, ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರಕ್ಕೆ, ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. ಮಸೀದಿ, ದೇವಸ್ಥಾನಗಳ ಸಮಿತಿಯವರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ರಸ್ತೆ ದಾಟುವವರಿಗೆ ಜಾತಿ ಮತ ಇಲ್ಲ.

2. ಪೂಜೆ ಬಿಟ್ಟಾಗ ಮೊದಲು ನಡೆಯುವವರು ಹೊರಗೆ ಹೋಗಲಿ, ಐದು ನಿಮಿಷದ ನಂತರ ವಾಹನಗಳು ಹೊರಡಲಿ. ಇದಕ್ಕೆ ಖರ್ಚಿಲ್ಲ, ಒಂದು ಪ್ರಕಟಣೆ ಸಾಕು.

3. ಪರಮಪ್ರಸಾದದ ಮೆರವಣಿಗೆ, ಶಿಲುಬೆಯ ಹಾದಿ, ಅತ್ತೂರಿನಂಥ ಪುಣ್ಯಕ್ಷೇತ್ರಗಳಿಗೆ ಕಾಲ್ನಡಿಗೆಯ ಯಾತ್ರೆ ಇರುವಾಗ ಮುಂದೆ ಮತ್ತು ಹಿಂದೆ ಹೊಳೆಯುವ ಜಾಕೆಟ್ ಮತ್ತು ದೀಪ ಹಿಡಿದ ಸ್ವಯಂಸೇವಕರಿರಲಿ. ಪೊಲೀಸರಿಗೆ ಮುಂಚಿತವಾಗಿ ತಿಳಿಸಿ. ಮೆರವಣಿಗೆಯಿಂದ ಆಂಬುಲೆನ್ಸಿಗೆ ತಡೆಯಾಗಬಾರದು.

4. ಧರ್ಮೋಪದೇಶದ ತರಗತಿಯಲ್ಲಿ ಐದನೆಯ ಆಜ್ಞೆ ಕಲಿಸುವ ದಿನ ರಸ್ತೆಯ ಪಾಠವನ್ನೂ ಸೇರಿಸಿ. ಕೋಲಾರದ ಕಡೆ ಸೇವೆಯಲ್ಲಿರುವವರು ಕನ್ನಡದ ಜೊತೆ ತೆಲುಗಿನಲ್ಲೂ ಹೇಳಿದರೆ ಮನೆಮನೆಗೆ ತಲುಪುತ್ತದೆ.

5. ವಿಶ್ವಸಂಸ್ಥೆ 2005ರಲ್ಲಿ ನವೆಂಬರ್ ತಿಂಗಳ ಮೂರನೆಯ ಭಾನುವಾರವನ್ನು ರಸ್ತೆ ಅಪಘಾತಗಳಲ್ಲಿ ಮಡಿದವರ ಸ್ಮರಣೆಗೆ ಮೀಸಲಿಟ್ಟಿತು. ನವೆಂಬರ್ ನಮಗೆ ಮೃತರ ಸ್ಮರಣೆಯ ತಿಂಗಳು. ಆ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರಸ್ತೆಯಲ್ಲಿ ಪ್ರಾಣ ಬಿಟ್ಟವರನ್ನು, ಅಂಗವಿಕಲರಾದವರನ್ನು, ಒಂದು ಕ್ಷಣದ ಅಜಾಗರೂಕತೆಯ ಭಾರವನ್ನು ಜೀವನವಿಡೀ ಹೊರುತ್ತಿರುವ ಚಾಲಕರನ್ನೂ ನೆನೆಯೋಣ.

ಓದುಗರೇ, ಮುಂದಿನ ಸಲ ನೀವು ವೆಲ್ಲೂರಿಗೋ ಬೆಂಗಳೂರಿಗೋ ಹೋಗುವಾಗ ಕೋಲಾರದ ಹತ್ತಿರ, ಮುಳಬಾಗಿಲಿನ ಹತ್ತಿರ, ಅಥವಾ ನಮ್ಮದೇ ಉಪ್ಪಿನಂಗಡಿಯ ಹತ್ತಿರ ರಸ್ತೆಯ ಅಂಚಿನಲ್ಲಿ ಯಾರಾದರೂ ನಿಂತಿರುವುದನ್ನು ಕಾಣುವಿರಿ. ಕೈಯಲ್ಲಿ ಚೀಲ, ಪಕ್ಕದಲ್ಲಿ ಮಗು. ಅವರು ನಮ್ಮ ದಯೆಯನ್ನು ಕೇಳುತ್ತಿಲ್ಲ, ತಮ್ಮ ಸರದಿಗಾಗಿ ಕಾಯುತ್ತಿದ್ದಾರೆ. ವೇಗ ತಗ್ಗಿಸಿ, ಹಿಂದಿನಿಂದ ಬರುವವರಿಗೆ ಸೂಚನೆ ಕೊಟ್ಟು ನಿಲ್ಲಿಸಿ, ಅವರು ದಾಟಲಿ. ಆಮೇಲೆ ನಾವು ಹೋಗೋಣ.

– ಸಂಪಾದಕರು